ಎಲ್ಲಿ ಇಡಲಿ?

ಸೆಪ್ಟೆಂಬರ್ ೩, ಬುಧವಾರ

ಎದ್ದಾಗ ಕೆರೆ ಇನ್ನೂ ಕಣ್ಣಲ್ಲಿತ್ತು. ನಾನೇ ಮಾಡಿದ ಕೆರೆ. ಮೂರು ವರ್ಷದಿಂದ ಅದರ ನೀರಿಗೆ ಬಣ್ಣ ಹಚ್ಚುತ್ತಿದ್ದೇನೆ. ಕನಸಿನಲ್ಲಿ ಮಾತ್ರ ಅದು ಯಾವತ್ತೂ ನಾನು ಹಚ್ಚಿದ ಬಣ್ಣದಲ್ಲಿರುವುದಿಲ್ಲ. ಇವತ್ತು ತೆಳು ಚಹಾದ ಬಣ್ಣ. ಮಧ್ಯಾಹ್ನ ಕಂಪ್ಯೂಟರಿನಲ್ಲಿ ಅದನ್ನೇ ಹಚ್ಚಿ ನೋಡಿದರೆ ಬರೀ ಕೆಸರು.

ಕೆರೆಯ ಕಂಪ್ಯೂಟರ್ ಆಟ ಸಿದ್ಧವಾಗಿದೆ. ಒಂದು ದೋಣಿ, ಒಂದು ಹುಟ್ಟು, ಸುತ್ತ ಹನ್ನೆರಡು ದಡ. ಆಡುವವರು ಹುಟ್ಟು ಹಾಕಬೇಕು, ಅಷ್ಟೆ. ಯಾವ ದಡ ಮುಟ್ಟಿದರೂ ಅಲ್ಲಿನ ಒಂದು ಕಿಟಕಿಯಲ್ಲಿ ದೀಪ ಹತ್ತುತ್ತದೆ. ಯಾರೂ ಹೊರಗೆ ಬರುವುದಿಲ್ಲ. ಗೆಲುವೂ ಇಲ್ಲ, ಸೋಲೂ ಇಲ್ಲ. ಹತ್ತಿಸಿದ ದೀಪ ಮರುದಿನ ಮತ್ತೆ ಬಂದು ನೋಡಿದರೂ ಉರಿಯುತ್ತಿರುತ್ತದೆ ಎಂಬುದೇ ಆಟದ ಜೀವ. ಅಕ್ಟೋಬರ್ ೫ರಂದು ಅದನ್ನು ಜನರ ಕೈಗೆ ಬಿಡುತ್ತೇವೆಂದು ಹೇಳಿಯಾಗಿದೆ. ‘ನಾವು’ ಎಂದರೆ ನಾನು ಮತ್ತು ಸದ್ದಿನವಳು. ಹುಟ್ಟು ನೀರಿಗೆ ಬೀಳುವ ಸದ್ದಿಗಾಗಿ ಬಕೆಟ್ಟು, ತೊಟ್ಟಿ, ಈಜುಕೊಳ ಎಲ್ಲ ಅಲೆದವಳು ಅವಳು. ನಾವು ಭೇಟಿಯಾಗಿರುವುದು ಎರಡೇ ಸಲ, ಉಳಿದದ್ದೆಲ್ಲ ಫೋನಿನಲ್ಲಿ.

ಉಳಿದಿರುವುದು ಒಂದೇ ಪ್ರಶ್ನೆ. ಜನರಿಗೆ ಹೇಗೆ ಕೊಡುವುದು? ನನಗೆ ಇನ್‌ಸ್ಟಾಲರ್ ಬೇಕು, ಆಟವನ್ನು ಕಂಪ್ಯೂಟರಿನಲ್ಲಿ ತಾನೇ ಕೂರಿಸಿಕೊಡುವ ಪ್ರೋಗ್ರಾಂ: ಬಾಗಿಲು ತಟ್ಟಿ, ಒಳಗೆ ಬಂದು, ಎಲ್ಲಿ ಕೂರಲಿ ಎಂದು ಕೇಳಿ ಕೂರುವಂಥದು. ಅವಳಿಗೆ ಜಿಪ್ ಬೇಕು: ಆಟವನ್ನೆಲ್ಲ ಒಂದು ಗಂಟು ಕಟ್ಟಿ ಕೊಡುವುದು, ತೆಗೆದುಕೊಂಡವರು ಬಿಚ್ಚಿ ಆಡುವುದು, ಬೇಡವಾದರೆ ಎಸೆಯುವುದು.

“ಇಷ್ಟು ಸಣ್ಣ ಆಟಕ್ಕೆ ಇನ್‌ಸ್ಟಾಲರ್ ಯಾಕೆ ಮಹಾರಾಯ? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.”

“ಗಂಟು ಬಿಚ್ಚದೆ ಒಳಗಿಂದಲೇ ಆಟ ಶುರು ಮಾಡೋರಿದ್ದಾರೆ. ಆಗ ಆಡಿದ್ದು ಉಳಿಯಲ್ಲ. ಇವತ್ತು ದೀಪ ಹಚ್ಚಿದ್ರೆ ನಾಳೆ ಕತ್ತಲೆ.”

“ಮೊದಲು ಬಿಚ್ಚಿ ಅಂತ ಒಂದು ಸಾಲು ಬರೆದು ಹಾಕು.”

“ಯಾರು ಓದ್ತಾರೆ?”

“ನಿನ್ನ ಇನ್‌ಸ್ಟಾಲರ್ ಓದ್ತಾರಾ? ಮುಂದೆ, ಮುಂದೆ, ಮುಂದೆ ಅಂತ ಕಣ್ಣುಮುಚ್ಚಿ ಒತ್ಕೊಂಡು ಹೋಗ್ತಾರೆ.”

ಅವರು ಕಣ್ಣು ಬಿಟ್ಟು ಓದುವಂಥದ್ದನ್ನು ಬರೆಯುತ್ತೇನೆ ಎಂದೆ. ಅವಳು ನಕ್ಕಳು. ಫೋನಿನ ಆಚೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದನ್ನೂ ಅವಳು ಧ್ವನಿಮುದ್ರಿಸಿಕೊಳ್ಳುತ್ತಿದ್ದಿರಬೇಕು.

ಚಮಚ ಬೇಕಾಗಿ ಒಂದು ಪೆಟ್ಟಿಗೆಯ ಅಂಚು ಹರಿದೆ. ಅಕ್ಕನ ಮನೆಯ ಈ ಹಿಂದಿನ ಕೋಣೆಗೆ ಬಂದು ಎಂಟು ತಿಂಗಳು. ಏಳು ರಟ್ಟಿನ ಪೆಟ್ಟಿಗೆಗಳು ಬಂದ ಹಾಗೇ ಇವೆ. ಮೂರನ್ನು ಒಂದರ ಮೇಲೊಂದಿಟ್ಟು ದೀಪದ ಮೇಜು ಮಾಡಿಕೊಂಡಿದ್ದೇನೆ. ಇದು ತಾತ್ಕಾಲಿಕ. ಪೆಟ್ಟಿಗೆಯೊಳಗೆಲ್ಲ ಮುದುರಿದ ಕಂದು ಕಾಗದ. ಚಮಚ ತೆಗೆದುಕೊಂಡು ಕಾಗದವನ್ನು ಮತ್ತೆ ತುರುಕಿದೆ.

ಸೆಪ್ಟೆಂಬರ್ ೬, ಶನಿವಾರ

ಮೂರು ದಿನ ಐದು ವಾಕ್ಯ ಬರೆದೆ. ಬೇರೆಯವರ ಇನ್‌ಸ್ಟಾಲರ್‌ಗಳು ತಾವೇ ಒಂದು ಜಾಗ ಗೊತ್ತುಮಾಡಿಕೊಂಡು, ಅಲ್ಲಿ ತಮ್ಮದೇ ಹೆಸರಿನ ಫೋಲ್ಡರ್ ಮಾಡಿಕೊಂಡು ಕೂರುತ್ತವೆ. ನನ್ನದು ಹಾಗೆ ಮಾಡುವುದಿಲ್ಲ. ಅದು ಕೇಳುತ್ತದೆ:

‘ಈ ದೋಣಿಗೆ ಹೆಚ್ಚು ಜಾಗ ಬೇಡ. ನೀವು ದಿನವೂ ಹೋಗಿಬರುವ, ನಿಮಗೆ ಪ್ರಿಯವಾದ ಒಂದು ಜಾಗ ತೋರಿಸಿ. ಎಲ್ಲಿ ಇಡಲಿ?’

ತೋರಿಸಿದಲ್ಲೇ ಕೂರುತ್ತದೆ, ಬೇರೆ ಫೋಲ್ಡರ್ ಮಾಡಿಕೊಳ್ಳದೆ, ಅವರ ವಸ್ತುಗಳ ನಡುವೆ. ತೆಗೆಯುವಾಗ ಬರುವ ಮಾತು ಇನ್ನೂ ಚೆನ್ನಾಗಿದೆ: ‘ಬಂದ ಹಾಗೆ ಹೋಗುತ್ತೇನೆ. ಗುರುತು ಉಳಿಸುವುದಿಲ್ಲ.’ ಈ ಸಾಲು ಬರೆದ ಮೇಲೆ ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದೆ. ಎದುರು ಮನೆಯ ಗೋಡೆಯ ಮೇಲೆ ಬಿಸಿಲು ಒಂದು ಇಟ್ಟಿಗೆಯಿಂದ ಇನ್ನೊಂದಕ್ಕೆ ದಾಟುವುದನ್ನು ಪೂರ್ತಿ ನೋಡಿದೆ.

ಸಂಜೆ ಅಕ್ಕನ ಕಂಪ್ಯೂಟರಿನಲ್ಲಿ ಪರೀಕ್ಷೆ. ಅದು ನಾನೇ ಕೊಟ್ಟ ಹಳೆಯದು. ಮುಂದಿನ ಕೋಣೆಯಲ್ಲಿ, ಹೊಲಿಗೆ ಮೆಷಿನ್ನು ಮತ್ತು ಇಸ್ತ್ರಿ ಮೇಜಿನ ನಡುವೆ ಇದೆ. ಅಕ್ಕ ಟೈಲರ್. ಬೀದಿಯಲ್ಲಿ ಬೇರೆ ಟೈಲರುಗಳೂ ಇದ್ದಾರೆ. ಆದರೆ ರೆಡಿಮೇಡ್ ಬಟ್ಟೆ ಯಾರ ಮೈಗೆ ಕೂರುವುದಿಲ್ಲವೋ ಅವರೆಲ್ಲ ಅಕ್ಕನ ಹತ್ತಿರ ಬರುತ್ತಾರೆ. ಎಡಭುಜ ಇಳಿದ ಪೋಸ್ಟ್‌ಮ್ಯಾನ್, ಒಂದು ತೋಳು ಗಿಡ್ಡವಿರುವ ಅಡುಗೆಯವನು, ಬೆನ್ನು ಬಾಗಿದ ಗಣಿತದ ಟೀಚರ್.

ಶುರುವಿಗೇ ಪರದೆಯ ಮೇಲೆ ಎಚ್ಚರಿಕೆ ಬಂತು: ಇದನ್ನು ತಯಾರಿಸಿದವರು ಯಾರೆಂದು ಗೊತ್ತಿಲ್ಲ, ನಿಮ್ಮ ಕಂಪ್ಯೂಟರಿಗೆ ಅಪಾಯವಾಗಬಹುದು. ಹಿಂದೆ ನಿಂತಿದ್ದ ಭಾವ ಗಟ್ಟಿಯಾಗಿ ಓದಿದರು. “ನೋಡೇ, ನಿನ್ನ ತಮ್ಮ ಯಾರು ಅಂತಾನೇ ಗೊತ್ತಿಲ್ವಂತೆ. ನಾನು ಮೊದಲೇ ಹೇಳಿದ್ದೆ.”

“ನಿಮ್ಮನ್ನ ಮದುವೆ ಆಗೋವಾಗ ಹಿಂಗೊಂದು ಎಚ್ಚರಿಕೆ ಬಂದಿದ್ರೆ ನಾನೂ ಓದ್ತಿದ್ದೆ,” ಎಂದಳು ಅಕ್ಕ, ಮತ್ತು ‘ಆದರೂ ಮುಂದುವರಿಸಿ’ಯನ್ನು ಒತ್ತಿದಳು.

ಇಡುವಾಗ ಬರುವ ಮೂರೂ ವಾಕ್ಯ ಓದಿದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಓದಿದಳು. ಎಲ್ಲಿ ಇಡಲಿ ಎಂಬಲ್ಲಿ ಸ್ವಲ್ಪ ಯೋಚಿಸಿ ಒಂದು ಕಡೆ ಒತ್ತಿದಳು. ನಾನು ಅವಳ ಮುಖ ನೋಡುತ್ತಿದ್ದೆ, ಪರದೆಯನ್ನಲ್ಲ. ಜನ ಓದುತ್ತಾರೆ ಎಂದು ಸದ್ದಿನವಳಿಗೆ ಕೂಡಲೇ ಮೆಸೇಜು ಕಳಿಸಿದೆ.

ಭಾವ ಅರ್ಧ ಗಂಟೆ ಹುಟ್ಟು ಹಾಕಿದರು. ಡ್ರೈವಿಂಗ್ ಸ್ಕೂಲಿನಲ್ಲಿ ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಕಲಿಸಿದವರು. ದಡ ಹತ್ತಿರ ಬಂದಾಗಲೆಲ್ಲ ಮೇಜಿನ ಕೆಳಗೆ ಅವರ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. “ಬ್ರೇಕ್ ಇಲ್ವಲ್ಲೋ ಇದಕ್ಕೆ!”

ಸೆಪ್ಟೆಂಬರ್ ೯, ಮಂಗಳವಾರ

ಅಕ್ಕ ದಿನಾ ಊಟವಾದ ಮೇಲೆ ಹತ್ತು ನಿಮಿಷ ದೋಣಿ ಹತ್ತುತ್ತಾಳೆ. ಏಳು ದೀಪ ಹಚ್ಚಿದ್ದಾಳೆ. ಯಾವ ಕಿಟಕಿಯಲ್ಲಿ ಯಾರಿದ್ದಾರೆ ಎಂದು ತಾನೇ ಗೊತ್ತುಮಾಡಿಕೊಂಡಿದ್ದಾಳೆ. ಮೂರನೆಯ ದಡದಲ್ಲಿರುವುದು ಪೋಸ್ಟ್‌ಮ್ಯಾನಂತೆ. ಅಲ್ಲಿ ಯಾರೂ ಇಲ್ಲ ಎಂದು ಹೇಳಲು ಹೋಗಿ ಸುಮ್ಮನಾದೆ.

ಗಣಿತದ ಟೀಚರ್ ಬಂದಿದ್ದರು, ಗಾಲಿಕುರ್ಚಿಯಲ್ಲಿ. ಅಕ್ಟೋಬರ್ ೪ಕ್ಕೆ ಅವರ ನಿವೃತ್ತಿ. ಶಾಲೆಯಲ್ಲಿ ಬೀಳ್ಕೊಡುಗೆ, ಹೊಸ ಕೋಟು ಬೇಕು. ಹನ್ನೊಂದು ವರ್ಷದ ಹಿಂದೆ ಅಕ್ಕ ನಾಲ್ಕು ಸಲ ಕತ್ತರಿಸಿ, ನಾಲ್ಕು ಸಲ ಬಿಚ್ಚಿ, ಅವರ ಬೆನ್ನಿಗೊಂದು ಗೆರೆ ಕಂಡುಹಿಡಿದಿದ್ದಳಂತೆ. “ಈಗ ನಿಂತು ಅಳತೆ ಕೊಡೋಕೆ ಆಗಲ್ಲಮ್ಮ,” ಎಂದರು ಟೀಚರ್. “ಬೇಕಾಗಿಲ್ಲ. ನಿಮ್ಮ ಬೆನ್ನು ನನ್ನ ಹತ್ರ ಇದೆ,” ಎಂದಳು ಅಕ್ಕ.

ಸೆಪ್ಟೆಂಬರ್ ೧೪, ಭಾನುವಾರ

ಹೊಸ ಆವೃತ್ತಿ ಸಿದ್ಧ. ಅಕ್ಕನ ಕಂಪ್ಯೂಟರಿನಿಂದ ಹಳೆಯದನ್ನು ತೆಗೆಸಿದೆ. ಅವಳೇ ಗುಂಡಿ ಒತ್ತಿದಳು. ‘ಬಂದ ಹಾಗೆ ಹೋಗುತ್ತೇನೆ.’ ಎರಡು ಕ್ಷಣವೂ ಹಿಡಿಯಲಿಲ್ಲ. ಹೊಸದನ್ನು ಹಾಕಿ ಕೊಟ್ಟೆ, ಜಾಗವನ್ನು ಮತ್ತೆ ಅವಳೇ ತೋರಿಸಿದಳು. ಎಲ್ಲವೂ ಚೊಕ್ಕವಾಗಿದೆ. ತೃಪ್ತಿ.

ಸೆಪ್ಟೆಂಬರ್ ೧೫, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಅಕ್ಕ ಕರೆದಳು. ದನಿ ಮಾಮೂಲಾಗಿತ್ತು. “ಇಲ್ಲಿ ಬಾ ಸ್ವಲ್ಪ. ಟೀಚರ್ ಬೆನ್ನು ಕಾಣಿಸ್ತಿಲ್ಲ.”

ಅವಳ ‘ಕಟಿಂಗ್’ ಫೋಲ್ಡರ್ ಖಾಲಿ. ಖಾಲಿ ಎಂದೂ ಅಲ್ಲ. ಅಲ್ಲಿ ನನ್ನ ದೋಣಿ ಇತ್ತು, ಹೊಸ ಆವೃತ್ತಿ, ಒಂಟಿಯಾಗಿ.

ಆದದ್ದನ್ನು ಬರೆದಿಡುತ್ತೇನೆ. ಅಕ್ಕನ ಹತ್ತಿರ ಮೂವತ್ತು ವರ್ಷದ ಪೇಪರ್ ಕಟಿಂಗ್‌ಗಳಿದ್ದವು, ಬಟ್ಟೆಯ ಮೇಲಿಟ್ಟು ಕತ್ತರಿಸುವ ಅಳತೆಯ ಹಾಳೆಗಳು, ಇನ್ನೂರ ಹನ್ನೆರಡು ಜನರವು. ಒಬ್ಬೊಬ್ಬರಿಗೂ ಬೆನ್ನು, ಎದೆ, ತೋಳು ಎಂದು ಬೇರೆ ಬೇರೆ ಕಂದು ಹಾಳೆ. ಗೋಡೆಯ ತುಂಬ ಮೊಳೆಗಳಲ್ಲಿ ತೂಗುತ್ತಿದ್ದವು. ಫ್ಯಾನ್ ಹಾಕಿದರೆ ಎಲ್ಲ ಒಟ್ಟಿಗೆ ಉಸಿರಾಡುತ್ತಿದ್ದವು. ಹೋದ ವರ್ಷ ನಾನೇ ಫೋನಿನಲ್ಲಿ ಹೇಳಿದ್ದೆ: ಕಾಗದ ಯಾಕೆ, ಅಡಿಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದು ಕಂಪ್ಯೂಟರಿಗೆ ಹಾಕು, ಗೋಡೆ ಖಾಲಿಯಾಗುತ್ತೆ. ಅವಳು ಎರಡು ತಿಂಗಳು ಸ್ಟೂಲಿನ ಮೇಲೆ ನಿಂತು ಒಂದೊಂದನ್ನೇ ಫೋಟೊ ತೆಗೆದಳು. ಕಾಗದ ಗುಜರಿಗೆ ಹೋಯಿತು. ಎಲ್ಲ ಆ ಒಂದೇ ಫೋಲ್ಡರಿನಲ್ಲಿ. ಅವಳು ದಿನವೂ ಹೋಗಿಬರುವ, ಅವಳಿಗೆ ಪ್ರಿಯವಾದ ಜಾಗ.

ಅದನ್ನೇ ಅವಳು ನನ್ನ ಇನ್‌ಸ್ಟಾಲರಿಗೆ ತೋರಿಸಿದ್ದಾಳೆ. ನಾನು ಕೇಳಿದ್ದೂ ಅದನ್ನೇ. ಗುರುತು ಉಳಿಸದಿರಲಿ ಎಂದು, ತೆಗೆಯುವಾಗ ಆಟದ ಕಡತಗಳನ್ನು ಒಂದೊಂದಾಗಿ ಹೆಸರಿಸಿ ತೆಗೆ ಎಂದು ಬರೆಯುವ ಬದಲು, ದೋಣಿ ಇರುವ ಜಾಗದಲ್ಲಿರುವುದನ್ನೆಲ್ಲ ತೆಗೆ ಎಂದು ಬರೆದಿದ್ದೆ. ಒಂದು ಸಾಲು. ಅದು ಹೇಳಿದಷ್ಟನ್ನೇ ಮಾಡಿದೆ.

“ಎಲ್ಲಾನೂ?” ಎಂದು ಅಕ್ಕ ಕೇಳಿದಳು.

“ಎಲ್ಲಾನೂ.”

ಅವಳು ಮೆಷಿನ್ನಿಗೆ ಹೋಗಿ ಕೂತಳು. ಯಾರದೋ ಪ್ಯಾಂಟಿನ ಅಂಚು ಮಡಿಸಿ ಹೊಲಿಯತೊಡಗಿದಳು. ಆ ಸದ್ದು ಇಡೀ ದಿನ ಇತ್ತು.

ಸೆಪ್ಟೆಂಬರ್ ೧೬, ಮಂಗಳವಾರ

ಕಂಪ್ಯೂಟರನ್ನು ಎದೆಗವಚಿಕೊಂಡು ರಿಪೇರಿಯವನ ಅಂಗಡಿಗೆ ಹೋದೆ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಾನೆ. ಒಂದು ಕಣ್ಣು ಊದಿಕೊಂಡಂತೆ ಕಾಣುತ್ತದೆ.

“ಅಳಿಸಿದ್ದು ತಕ್ಷಣ ಸಾಯಲ್ಲ ಸರ್. ಮನೆ ಬಿಟ್ಟೋರ ಹಾಗೆ. ಆ ಜಾಗಕ್ಕೆ ಬೇರೆಯವರು ಬರೋವರೆಗೂ ಅಲ್ಲೇ ಎಲ್ಲೋ ಇರುತ್ತೆ. ಅಳಿಸಿದ ಮೇಲೆ ಏನಾದ್ರೂ ಹಾಕಿದ್ರಾ?”

ಹೊಸ ಆವೃತ್ತಿ ಹಾಕಿದೆ ಎಂದೆ.

“ಯಾವ ಪುಣ್ಯಾತ್ಮ ಮಾಡಿದ್ದು ಆ ಪ್ರೋಗ್ರಾಂ? ಇಂಥೋರಿಗೆಲ್ಲ ಕೀಬೋರ್ಡ್ ಯಾಕೆ ಕೊಡ್ತಾರೋ.”

“ಗೊತ್ತಿಲ್ಲ,” ಎಂದೆ. ತಯಾರಿಸಿದವರು ಯಾರೆಂದು ಗೊತ್ತಿಲ್ಲ.

ಸಂಜೆ ಒಂಬತ್ತು ಫೋಟೊ ಕೊಟ್ಟ. ಎಲ್ಲ ಅರ್ಧರ್ಧ: ಮೇಲಿನ ಭಾಗ ಕಾಗದ, ಕೆಳಗಿನದು ಬೂದು. ಟೀಚರ್ ಅವುಗಳಲ್ಲಿಲ್ಲ. ವಾಪಸು ಬರುವಾಗ ಅಂಗಡಿ ಕಿಟಕಿಗಳಲ್ಲಿ ಬೊಂಬೆಗಳು ನಿಂತಿದ್ದವು, ಎಲ್ಲದರ ಬೆನ್ನೂ ನೆಟ್ಟಗೆ.

ಸೆಪ್ಟೆಂಬರ್ ೧೭, ಬುಧವಾರ

ಸದ್ದಿನವಳಿಗೆ ಹೇಳಿದೆ.

“ಇನ್‌ಸ್ಟಾಲರ್ ಬೇಡ ಅಂತ ನಾನು ಹೇಳಿದ್ದು ಇದಕ್ಕಲ್ಲಪ್ಪ,” ಎಂದಳು. “ತಪ್ಪು ಅದರದ್ದೂ ಅಲ್ಲ. ಎಲ್ಲರೂ ಮಾಡೋ ಹಾಗೆ ಮಾಡಿದ್ರೆ ತಾನು ತಂದಿದ್ದನ್ನ ಮಾತ್ರ ತಗೊಂಡು ಹೋಗ್ತಿತ್ತು. ನಿನಗೆ ಕವಿತೆ ಬೇಕಿತ್ತು.”

“ಹೌದು.”

“ಬಿಡುಗಡೆ ಮುಂದಕ್ಕೆ ಹಾಕೋಣ್ವಾ?”

ಗೊತ್ತಿಲ್ಲ ಎಂದೆ.

ಸೆಪ್ಟೆಂಬರ್ ೧೯, ಶುಕ್ರವಾರ

ಅಕ್ಕ ಟೀಚರ್ ಮನೆಗೆ ಹೋಗಿ ಕೂತಲ್ಲೇ ಅಳತೆ ತೆಗೆದು ಬಂದಳು. ಮಸ್ಲಿನ್ ಬಟ್ಟೆಯಲ್ಲಿ ಒಂದು ಬೆನ್ನು ಕತ್ತರಿಸಿದಳು. ಕೂರಲಿಲ್ಲ. ಎರಡನೆಯದನ್ನು ಹೊಲಿದು ತಾನೇ ಹರಿದಳು. ಎದ್ದರೆ ಟೀಚರಿಗೆ ನೋವು, ಕೂತರೆ ಗೆರೆ ಸಿಗುವುದಿಲ್ಲ. ಬೇರೆ ಯಾರ ಹತ್ತಿರವಾದರೂ ಹೊಲಿಸಿಕೊಳ್ಳಿ ಎಂದು ಹೇಳಿ ಬಂದಳಂತೆ. ಮೂವತ್ತು ವರ್ಷದಲ್ಲಿ ಅವಳು ಆ ಮಾತು ಹೇಳಿದ್ದು ಇದೇ ಮೊದಲು ಎಂದರು ಭಾವ. ಅವರ ಬಾಯಲ್ಲಿ ತಮಾಷೆ ಇರಲಿಲ್ಲ. ಅದಿಲ್ಲದ ಮುಖ ಯಾರದೋ ಎಂಬಂತಿತ್ತು.

ಊಟ ಮಾಡುವಾಗ, ನಾನು ಬೇರೆ ಕಡೆ ಕೋಣೆ ನೋಡಿಕೊಳ್ಳುತ್ತೇನೆ, ನಿಮಗೂ ಎಷ್ಟು ದಿನ ತೊಂದರೆ ಎಂದೆ. ಪೆಟ್ಟಿಗೆಗಳು ಕಟ್ಟಿದ ಹಾಗೇ ಇವೆ, ಅರ್ಧ ದಿನದ ಕೆಲಸ ಎಂದೂ ಹೇಳಿದೆ. ಸಮಾಧಾನದ ಮಾತೆಂದುಕೊಂಡಿದ್ದೆ.

ಅಕ್ಕ ತಟ್ಟೆ ಸರಿಸಿದಳು.

“ಹೋಗು. ಎಂಟು ತಿಂಗಳಾಯ್ತು, ನನ್ನ ಮನೇಲಿ ಒಂದು ಮೊಳೆ ಹೊಡೆದಿಲ್ಲ ನೀನು. ಅಂಗಿ ಕುರ್ಚಿ ಮೇಲೆ. ಬ್ರಷ್ಷು ಜೇಬಲ್ಲಿ. ಸ್ನಾನ ಮಾಡಿ ಬಂದ್ರೆ ಬಚ್ಚಲ ನೆಲಾನೂ ಒರೆಸಿ ಬರ್ತೀಯ, ಯಾರೂ ಇರಲೇ ಇಲ್ಲ ಅನ್ನೋ ಹಾಗೆ. ನಾನೇನು ಲಾಡ್ಜ್ ನಡೆಸ್ತಿದ್ದೀನಾ? ಗುರುತು ಉಳಿಸಲ್ವಂತೆ! ನಿಂದು ಉಳಿಸ್ಬೇಡ. ನಂದ್ಯಾಕೋ ತೆಗೆದೆ?”

ಭಾವನ ಕಾಲು ಮೇಜಿನ ಕೆಳಗೆ ನೆಲ ಒತ್ತಿತು. ನನಗೆ ಕಾಣಿಸಿತು.

ಇದನ್ನು ಯಥಾವತ್ತಾಗಿ ಬರೆದಿದ್ದೇನೆ. ಅಕ್ಕ ದಣಿದಿದ್ದಾಳೆ.

ಸೆಪ್ಟೆಂಬರ್ ೨೧, ಭಾನುವಾರ

ಕನಸಿನಲ್ಲಿ ನನ್ನ ದೋಣಿಗೆ ತಳ ಇರಲಿಲ್ಲ, ಆದರೂ ತೇಲುತ್ತಿತ್ತು. ಹನ್ನೆರಡೂ ಕಿಟಕಿಗಳಲ್ಲಿ ಕಂದು ಬಣ್ಣದ ಜನ, ಕಾಗದದಷ್ಟು ತೆಳ್ಳಗೆ, ಬೆಳಕಿಗೆ ಅಡ್ಡ ನಿಂತಿದ್ದರು. ಅವರ ಮೈಮೇಲೆಲ್ಲ ಮಡಿಕೆಗಳು.

ಎದ್ದು ಹೋಗುವ ತಯಾರಿ ಎಂದು ಪೆಟ್ಟಿಗೆಗಳನ್ನು ಬಾಗಿಲ ಕಡೆ ಎಳೆದೆ. ಚಮಚಕ್ಕಾಗಿ ಅಂಚು ಹರಿದಿದ್ದ ಪೆಟ್ಟಿಗೆಯ ತಳ ಬಿಟ್ಟುಕೊಂಡು ತಟ್ಟೆಗಳು ನೆಲಕ್ಕಿಳಿದವು. ಒಡೆಯಲಿಲ್ಲ, ಕಾಗದ ಸುತ್ತಿತ್ತು. ಒಂದು ತಟ್ಟೆಯ ಕಾಗದ ಬಿಚ್ಚಿದಾಗ ನೀಲಿ ಸೀಮೆಸುಣ್ಣದ ಗೆರೆ ಕಂಡಿತು. ಗೆರೆಯ ಪಕ್ಕದಲ್ಲಿ ಅಕ್ಕನ ಅಕ್ಷರ: ‘ಎಡಭುಜ ಒಂದೂವರೆ ಇಳಿಕೆ. ಚೀಲದ ಭಾರ.’

ಕಾಗದ ಹಿಡಿದು ಮುಂದಿನ ಕೋಣೆಗೆ ಹೋದೆ. ಅಕ್ಕ ನೋಡಿದಳು. ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ನೋಡಿದಳು.

“ಪೋಸ್ಟ್‌ಮ್ಯಾನು,” ಎಂದಳು.

ಆಮೇಲೆ ನೆನಪಿಸಿಕೊಂಡಳು. ಜನವರಿಯಲ್ಲಿ ನನ್ನ ಆ ಮನೆ ಖಾಲಿ ಮಾಡುವಾಗ, ನಾನೂ ಹೆಂಡತಿಯೂ ಬೇರೆಯಾದ ಮೇಲೆ, ಸಾಮಾನು ಕಟ್ಟಲು ಅಕ್ಕ ಬಂದಿದ್ದಳು. ಹಳೆ ಪತ್ರಿಕೆ ಸಾಲುವುದಿಲ್ಲವೆಂದು ಮನೆಯಿಂದ ಒಂದು ಕಟ್ಟು ಕಂದು ಕಾಗದ ತಂದಿದ್ದಳು. ಫೋಟೊ ಆಗಿದ್ದವಲ್ಲ, ಗುಜರಿಗೆ ಹೋಗದೆ ಉಳಿದಿದ್ದ ಕೊನೆಯ ಕಟ್ಟು. ಆವತ್ತು ಪಾತ್ರೆ ಸುತ್ತುತ್ತಿದ್ದವಳು ಅಕ್ಕ. ಪೆಟ್ಟಿಗೆಯ ಮೇಲೆ ಹೆಸರು ಬರೆಯುತ್ತಿದ್ದವಳು ನನ್ನ ಹೆಂಡತಿ. ನಾನು ಬಾಲ್ಕನಿಯಲ್ಲಿ ನಿಂತು ನೀರಿನ ಬಣ್ಣ ಯೋಚಿಸುತ್ತಿದ್ದೆ.

“ಎಷ್ಟು ಪೆಟ್ಟಿಗೆ?” ಎಂದಳು ಅಕ್ಕ.

“ಏಳು.”

“ಬಿಚ್ಚು.”

ಸೆಪ್ಟೆಂಬರ್ ೨೨, ಸೋಮವಾರ

ಎರಡು ದಿನದಿಂದ ನೆಲದ ಮೇಲಿದ್ದೇವೆ, ಮೂವರೂ. ಸುತ್ತಿದ ಕಾಗದ ಬಿಚ್ಚುವುದು ನಾನು. ಅಕ್ಕ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ ಸುಕ್ಕು ತೆಗೆಯುತ್ತಾಳೆ. ಭಾವ ಹಾಳೆ ಜೋಡಿಸುತ್ತಾರೆ. ಒಬ್ಬರ ಬೆನ್ನಿಗೆ ಇನ್ನೊಬ್ಬರ ತೋಳು ಬಂದುಬಿಡುತ್ತದೆ. ಭಾವ ಒಂದು ಭಾರಿ ಎದೆಯ ಪಕ್ಕಕ್ಕೆ ಗಿಡ್ಡ ತೋಳನ್ನಿಟ್ಟು, “ಇವನು ಯಾರೇ?” ಎಂದರು.

“ಅವರಿಬ್ರೂ ಬೇರೆ ಬೇರೆ ರೀ. ತೋಳು ಅಡುಗೆಯವನದ್ದು. ಎದೆ ಬ್ಯಾಂಡಿನವರದ್ದು, ಕಹಳೆ ಊದ್ತಿದ್ರಲ್ಲ.”

“ಬೀದಿಯಲ್ಲಿ ಕೈಬದಲಾಯಿಸ್ಕೊಂಡು ಓಡಾಡ್ತಿದ್ರು ಅನ್ಕೊಂಡೆ.”

ಅಕ್ಕ ನಕ್ಕಳು. ಒಂದು ವಾರದ ನಂತರ ಆ ಸದ್ದು ಕೇಳಿದೆ. ಸದ್ದಿನವಳು ಇದ್ದಿದ್ದರೆ ಹಿಡಿದಿಡುತ್ತಿದ್ದಳು.

ತಟ್ಟೆ, ಪುಸ್ತಕ, ಗಡಿಯಾರ, ಶೂ ಎಲ್ಲ ಬಿಚ್ಚಿದಲ್ಲೇ ಬಿದ್ದಿವೆ. ನಡೆಯಲು ಜಾಗ ಬೇಕಾಗಿ ತಟ್ಟೆಗಳನ್ನು ಅಡುಗೆಮನೆಗೆ, ಪುಸ್ತಕಗಳನ್ನು ಕಪಾಟಿಗೆ ಸೇರಿಸಿದೆ. ಆರು ಪೆಟ್ಟಿಗೆ ಆಯಿತು. ಮೂವತ್ತೆಂಟು ಜನ ಪೂರ್ತಿಯಾಗಿ ಸಿಕ್ಕರು, ಇಪ್ಪತ್ತು ಚೂರುಚೂರು. ಟೀಚರ್ ಸಿಗಲಿಲ್ಲ.

ಏಳನೆಯದರ ಮೇಲೆ ನನ್ನ ಹೆಂಡತಿಯ ಅಕ್ಷರದಲ್ಲಿ ‘ಅಡುಗೆಮನೆ ೨. ಜೋಪಾನ’ ಎಂದಿದೆ. ಅದರೊಳಗೆ ಏನಿದೆಯೆಂದು ನನಗೆ ಗೊತ್ತು. ಸ್ವಲ್ಪ ಹೊತ್ತು ಅದರ ಮೇಲೆ ಕೂತಿದ್ದೆ. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕಾದಳು. ಬಿಚ್ಚು ಎನ್ನಲಿಲ್ಲ.

ಗಾಜಿನ ಹೂಜಿ. ಒಂದು ಮಧ್ಯಾಹ್ನ ಸುಮ್ಮನೆ ತಿರುಗಾಡುವಾಗ ಇಬ್ಬರೂ ಕೊಂಡದ್ದು. ಒಡೆದೀತೆಂದು ಹನ್ನೆರಡು ವರ್ಷ ಬಳಸಲೇ ಇಲ್ಲ. ನಾಲ್ಕು ಸುತ್ತು ಕಾಗದ. ಮೂರು ಸುತ್ತು ಯಾರ್‍ಯಾರದೋ ತೋಳು. ಒಳಗಿನ ಸುತ್ತು ಅಗಲವಾಗಿತ್ತು; ನಡುವೆ ಒಂದು ಗೆರೆ ಹೊರಟು, ಬಳುಕಿ, ಹಿಂದಕ್ಕೆ ಬಂದು, ಮತ್ತೆ ದಾರಿ ಹಿಡಿದಿತ್ತು. ಅದರ ಪಕ್ಕ ಅಳಿಸಿದ ಮೂರು ಗೆರೆಗಳ ನೆರಳು.

ನಾನು ಏನೂ ಹೇಳುವ ಮೊದಲೇ ಅಕ್ಕ ಕೈಚಾಚಿದಳು.

“ತೋಳು ಇಲ್ಲ,” ಎಂದೆ.

“ತೋಳು ನಾನು ನೋಡ್ಕೋತೀನಿ. ಬೆನ್ನು ಸಿಕ್ತಲ್ಲ.”

ಕಾಗದವನ್ನು ಇಸ್ತ್ರಿ ಮೇಜಿನ ಮೇಲೆ ಹಾಸಿ ಎರಡೂ ಅಂಗೈ ಊರಿ ನಿಂತಳು. ನಾನು ಹೂಜಿ ತೊಳೆಯಲು ಒಳಗೆ ಹೋದೆ.

ಸೆಪ್ಟೆಂಬರ್ ೨೭, ಶನಿವಾರ

ಸದ್ದಿನವಳಿಗೆ ಜಿಪ್ ಸಾಕು ಎಂದೆ.

“ಏನಪ್ಪ, ಮಳೆಗಿಳೆ ಬಂತಾ ನಿಮ್ಮಲ್ಲಿ? ಗೆದ್ದೆ ಅಂತ ಬರೆದು ಗೋಡೆಗೆ ಹಾಕ್ಲಾ?”

“ಹಾಕು. ಆದ್ರೆ ಗಂಟು ಬಿಚ್ಚದೆ ಆಡೋರ ದೀಪ?”

ಒಂದು ಗಂಟೆ ಜಗಳವಾಡಿ ದಾರಿ ಕಂಡುಕೊಂಡೆವು. ಬಿಚ್ಚದೆ ಶುರು ಮಾಡಿದರೆ ದೋಣಿ ದಡಕ್ಕೆ ಕಟ್ಟಿಯೇ ಇರುತ್ತದೆ. ಹುಟ್ಟು ಹಾಕಿದರೂ ಹಗ್ಗ ಬಿಗಿಯುವ ಸದ್ದು ಮಾತ್ರ. ಆಗ ಒಂದು ಸಾಲು ಬರುತ್ತದೆ: ಮೊದಲು ಗಂಟು ಬಿಚ್ಚಿ, ಆಮೇಲೆ ಬನ್ನಿ. ಹಗ್ಗದ ಸದ್ದಿಗೆ ಅವಳು ಆಗಲೇ ಯಾವುದೋ ಬಾಗಿಲ ಚಿಲಕಕ್ಕೆ ದಾರ ಕಟ್ಟಿ ಎಳೆಯುತ್ತಿದ್ದಳು.

ಇನ್‌ಸ್ಟಾಲರ್ ಕೆಟ್ಟದ್ದೆಂದಲ್ಲ. ದೊಡ್ಡ ಮನೆಗೆ ಹತ್ತು ಸಾಮಾನಿನೊಂದಿಗೆ ಹೋಗುವವರಿಗೆ ಅದು ಬೇಕು. ನಮ್ಮ ಸಾಮಾನು ಒಂದು ದೋಣಿ. ಯಾರ ಯಂತ್ರದಲ್ಲಿ ಏನೇನಿದೆಯೋ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಕೈಯಾಡಿಸುವ ಅಧಿಕಾರ ಕೇಳದಿರುವುದೇ ಲೇಸು. ಇದನ್ನು ನಾನು ಮೊದಲಿನಿಂದಲೂ ಹೇಳುತ್ತಿದ್ದೆ ಅನ್ನಿಸುತ್ತದೆ.

ಆ ಐದು ವಾಕ್ಯಗಳನ್ನು ತೆಗೆದುಹಾಕಿದೆ. ಬದಲಿಗೆ ಗಂಟಿನೊಳಗೆ ಒಂದು ಚೀಟಿ: ‘ಬಿಚ್ಚಿ, ಆಡಿ. ಬೇಡವಾದಾಗ ನೀವೇ ಎತ್ತಿ ಎಸೆಯಿರಿ. ಇದು ತಾನಾಗಿ ಏನನ್ನೂ ಮುಟ್ಟುವುದಿಲ್ಲ.’

ಅಕ್ಕನ ಬಳಿ ಉಳಿದಿರುವ ಹಾಳೆಗಳಿಗೆ ಮತ್ತೆ ಫೋಟೊ ತೆಗೆದೆವು. ಮೂರು ಕಡೆ ಇಟ್ಟಿದ್ದೇನೆ. ಕಾಗದವೂ ಇರುತ್ತದೆ. ಅವುಗಳಿಗೆ ಮೊಳೆ ಬೇಕಿತ್ತು. ಹಳೆಯ ತೂತುಗಳಿಗೆ ಭಾವ ಸುಣ್ಣ ಮೆತ್ತಿಬಿಟ್ಟಿದ್ದರು. ಬೆಳಿಗ್ಗೆಯಿಂದ ಮೊಳೆ ಹೊಡೆದೆ. ಸುತ್ತಿಗೆ ಕೈಯಲ್ಲಿದ್ದ ಹಾಗೇ ನನ್ನ ಕೋಣೆಯಲ್ಲೂ ಅಂಗಿಗೆಂದು ಒಂದೆರಡು.

ಅಕ್ಟೋಬರ್ ೪, ಶನಿವಾರ

ಟೀಚರ್ ಶಾಲೆಗೆ ಹೋಗುವ ದಾರಿಯಲ್ಲಿ ಬಾಗಿಲ ಹತ್ತಿರ ನಿಲ್ಲಿಸಿದರು. ಬೂದು ಕೋಟು. ಗಾಲಿಕುರ್ಚಿಯಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ ತೋರಿಸಿದರು. ಹಿಂದಿನಿಂದ ನೋಡಿದೆ. ಕೋಟು ಬೆನ್ನನ್ನು ನೆಟ್ಟಗೆ ಮಾಡಿರಲಿಲ್ಲ, ಮರೆಸಿಯೂ ಇರಲಿಲ್ಲ. ಅದರ ಜೊತೆಗೇ ಹೋಗಿತ್ತು, ನೀರಿನ ಜೊತೆ ದಡ ಹೋಗುವ ಹಾಗೆ.

“ಹೇಗಿದೆ ಲೆಕ್ಕ?” ಎಂದಳು ಅಕ್ಕ.

“ಶೇಷ ಸೊನ್ನೆ,” ಎಂದರು ಟೀಚರ್.

ಅಕ್ಟೋಬರ್ ೫, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟೆವು. ಸಂಜೆಯವರೆಗೆ ನಲವತ್ತೊಂದು ಜನ ತೆಗೆದುಕೊಂಡಿದ್ದಾರೆ. ಒಬ್ಬರು ಬೈದು ಬರೆದಿದ್ದಾರೆ: ಗಂಟು ಎಲ್ಲಿ ಬಿಚ್ಚಿಟ್ಟೆನೋ ಮರೆತಿದೆ, ಇನ್‌ಸ್ಟಾಲರ್ ಇದ್ದಿದ್ದರೆ ಸಿಗುತ್ತಿತ್ತು. ನ್ಯಾಯವೇ. ಇನ್ನೊಬ್ಬರು ಮೂರನೆಯ ದಡದ ಕಿಟಕಿಯಲ್ಲಿ ಯಾರಿದ್ದಾರೆ ಎಂದು ಕೇಳಿದ್ದಾರೆ. ಪೋಸ್ಟ್‌ಮ್ಯಾನ್ ಎಂದು ಉತ್ತರ ಬರೆದೆ.

ಭಾವ ಹೂಜಿಯಿಂದ ನೇರವಾಗಿ ನೀರು ಕುಡಿಯುತ್ತಾರೆ. ಅಕ್ಕ ದಿನಾ ಬೈಯುತ್ತಾಳೆ.

ಖಾಲಿ ಪೆಟ್ಟಿಗೆಗಳನ್ನು ಗುಜರಿಗೆ ಹಾಕೋಣವೆಂದರೆ ಅಕ್ಕ ಬಿಡಲಿಲ್ಲ. ಗಟ್ಟಿ ರಟ್ಟು, ಕಾಗದದ ಹಾಗೆ ಮುದುರುವುದಿಲ್ಲ, ಇನ್ನು ಮೇಲೆ ಕಟಿಂಗ್ ಇದರಲ್ಲೇ ಎಂದು ಏಳನ್ನೂ ಬಿಡಿಸಿ ಹಾಸಿದ್ದಾಳೆ. ಮಧ್ಯಾಹ್ನ ಏನೋ ತರಲು ಮುಂದಿನ ಕೋಣೆಗೆ ಹೋದರೆ ಕೈ ಹಿಡಿದು ನಿಲ್ಲಿಸಿ ಟೇಪು ಹಿಡಿದಳು.

“ನನಗ್ಯಾಕೆ? ಅಂಗಿಗಳಿವೆ.”

“ಸುಮ್ನೆ ನಿಂತ್ಕೊ. ಉಸಿರು ಬಿಗಿಹಿಡೀಬೇಡ. ಬಲಭುಜ ಯಾಕೋ ಮೇಲಕ್ಕೆ ಎತ್ತಿರ್ತೀಯ ಯಾವಾಗ್ಲೂ, ಎದ್ದು ಹೊರಟೋನ ಹಾಗೆ?”

ಗೊತ್ತಿರಲಿಲ್ಲ ಎಂದೆ. ಅವಳು ಅದನ್ನು ಬರೆದುಕೊಂಡಳು.

ಸಂಜೆ ನೋಡಿದರೆ ಗೋಡೆಯಲ್ಲಿ, ಪೋಸ್ಟ್‌ಮ್ಯಾನ್ ಮತ್ತು ಅಡುಗೆಯವನ ನಡುವಿನ ಮೊಳೆಯಲ್ಲಿ, ನನ್ನ ಬೆನ್ನು ತೂಗುತ್ತಿದೆ. ರಟ್ಟಿನ ಮೇಲೆ ಪೆಟ್ಟಿಗೆಯ ಹಳೆಯ ಅಚ್ಚು ಹಾಗೇ ಉಳಿದಿದೆ: ‘ಈ ಕಡೆ ಮೇಲೆ’ ಮತ್ತು ಒಂದು ಬಾಣ. ಬಾಣ ಕುತ್ತಿಗೆಯ ಕಡೆಗಿದೆ. ಫ್ಯಾನ್ ತಿರುಗುತ್ತಿತ್ತು. ಉಳಿದವರೆಲ್ಲ ಸ್ವಲ್ಪ ಸ್ವಲ್ಪ ಅಲುಗಾಡುತ್ತಿದ್ದರು. ನನ್ನದು ರಟ್ಟು, ಅಲುಗಲಿಲ್ಲ.